ಯಾರ್ಕ್‌ಗೆ ಬಾಡಿಗೆ ಕಾರಿನಲ್ಲಿ ಹೋದರೆ ತೊಂದರೆ ಆಗುತ್ತಾ?

ಗಂಡ ಹೆಂಡತಿ ಇಬ್ಬರೇ ಲಂಡನ್‌ನಿಂದ ಬಾಡಿಗೆ ಕಾರಿನಲ್ಲಿ ಉತ್ತರ ಇಂಗ್ಲೆಂಡಿನ ಯಾರ್ಕ್ ನೋಡಲು ಹೊರಟಿದ್ದೇವೆ, ಕೋಟೆ ಗೋಡೆಯೊಳಗಿನ ಹಳೇ ಊರಲ್ಲೇ ಹೋಟೆಲ್ ಬುಕ್ ಮಾಡಿದ್ದೇವೆ, ಏನಾದರೂ ತೊಂದರೆ ಆಗುತ್ತಾ, ಎರಡು ದಿನ ಸಾಕಾ ಎಂದು ಕೇಳಿದ್ದೀರಿ. ನಾವೂ ಹೀಗೇ ಹೋಗಿದ್ದೆವು. ಏಪ್ರಿಲ್ ಮೊದಲ ವಾರ. ನಮ್ಮವರ ಕೆಲಸದ ಮೇಲೆ ಆಗ ಲಂಡನ್‌ನಲ್ಲಿದ್ದೆವು. ಎರಡು ದಿನದಲ್ಲಿ ಎರಡು ದೊಡ್ಡ ಎಡವಟ್ಟಾಯಿತು. ನಿಮಗೆ ಹಾಗಾಗಬಾರದು ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೆದ್ದಾರಿ ಬಗ್ಗೆ ಚಿಂತೆ ಬೇಡ. ಇನ್ನೂರು ಮೈಲಿಗಿಂತ ಸ್ವಲ್ಪ ಜಾಸ್ತಿ ದೂರ. ಅಲ್ಲಿಯೂ ನಮ್ಮ ಹಾಗೆ ಎಡಗಡೆಯೇ ಓಡಿಸಬೇಕು. ನಮ್ಮ ಲೈಸೆನ್ಸ್‌ನಲ್ಲೇ 12 ತಿಂಗಳವರೆಗೆ ಓಡಿಸಬಹುದು. ವೃತ್ತ ಬಂದಾಗ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಿ. ಬೋರ್ಡಿನ ಮೇಲೆ 30 ಎಂದಿದ್ದರೆ ಅದು ಮೈಲಿ, ಕಿಲೋಮೀಟರ್ ಅಲ್ಲ. ಇಷ್ಟು ನೆನಪಿದ್ದರೆ ಯಾರ್ಕ್ ಬಾಗಿಲವರೆಗೆ ಆರಾಮವಾಗಿ ತಲುಪುತ್ತೀರಿ.

ಕಷ್ಟ ಶುರುವಾಗುವುದು ಆ ಬಾಗಿಲಲ್ಲೇ. ಹೋಟೆಲ್‌ಗೆ ಫೋನ್ ಮಾಡಿದೆ. 'ಮಂಕ್ ಬಾರ್ ಹತ್ತಿರ ಬಂದು ಮತ್ತೆ ಫೋನ್ ಮಾಡಿ' ಎಂದರು. ನಾವಿಬ್ಬರೂ ಕುಡಿಯುವ ಬಾರ್ ಹುಡುಕಿಕೊಂಡು ಎರಡು ಸುತ್ತು ಹಾಕಿದೆವು. ಆ ಊರಲ್ಲಿ ಬಾರ್ ಎಂದರೆ ಕೋಟೆಯ ಹೆಬ್ಬಾಗಿಲು! ಮಂಕ್ ಬಾರ್, ಬೂಥಮ್ ಬಾರ್, ಮಿಕ್ಲ್‌ಗೇಟ್ ಬಾರ್, ವಾಮ್‌ಗೇಟ್ ಬಾರ್, ನಾಲ್ಕೂ ಹಳೆಯ ಕಲ್ಲಿನ ಬಾಗಿಲುಗಳು. ಹಾಗಾದರೆ ಗೇಟ್ ಎಂದರೆ? ಅದು ಬೀದಿ. 866ರಲ್ಲಿ ವೈಕಿಂಗರು ಈ ಊರನ್ನು ಹಿಡಿದರು. ಅವರ ಮಾತಿನಲ್ಲಿ ಬೀದಿಗೆ ಗಾಟ ಎನ್ನುತ್ತಿದ್ದರು. ಅದೇ ಗೇಟ್ ಆಗಿ ಉಳಿದಿದೆ. ಮಿಕ್ಲ್‌ಗೇಟ್ ಎಂದರೆ ದೊಡ್ಡ ಬೀದಿ, ಅಷ್ಟೇ. ಇದೊಂದು ಗೊತ್ತಿದ್ದರೆ ಅಲ್ಲಿನವರು ಹೇಳುವ ದಾರಿ ತಟ್ಟನೆ ಅರ್ಥವಾಗುತ್ತದೆ.

ಕೊನೆಗೆ ಕಲ್ಲಿನ ಕಮಾನು ಕಂಡಿತು. ಸಿಗ್ನಲ್ ಬಿಟ್ಟಾಗ ಒಳಗೆ ನುಗ್ಗಿದೆವು. ಫೋನು ಎಡಕ್ಕೆ ಎಂದಿತು, ನಾನೂ ಎಡಕ್ಕೆ ಎಂದೆ. ತಿರುಗಿ ನೋಡಿದರೆ ಮುಂದೆಲ್ಲ ಜನ. ತಳ್ಳುಗಾಡಿಯಲ್ಲಿ ಮಗು, ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವವರು. ಕೋಟೆಯೊಳಗಿನ ಎಷ್ಟೋ ಬೀದಿಗಳಲ್ಲಿ ಹಗಲು ಹೊತ್ತು ವಾಹನ ಬಿಡುವುದಿಲ್ಲ.

'ರೀ, ನಿಲ್ಲಿಸಿ, ಇದು ನಡೆಯೋರ ಬೀದಿ' ಎಂದೆ. 'ನೀನೇ ಎಡಕ್ಕೆ ಅಂದೆಯಲ್ಲೇ' ಎಂದರು. ಹಿಂದಕ್ಕೆ ತೆಗೆಯುವಷ್ಟರಲ್ಲಿ ಇಬ್ಬರಿಗೂ ಬೆವರು. ಯಾರೂ ಹಾರ್ನ್ ಹೊಡೆಯಲಿಲ್ಲ, ಬೈಯಲಿಲ್ಲ. ವಯಸ್ಸಾದ ಒಬ್ಬರು ಮಾತ್ರ ಕಾರಿನ ಹಿಂದೆ ನಿಂತು ಕೈ ಸನ್ನೆ ಮಾಡಿ ದಾರಿ ತೋರಿಸಿದರು. ಅವರನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಅಲ್ಲಿಂದ ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿ ಬಸ್ಸಿಗೆ ಮಾತ್ರ ಬಿಟ್ಟ ದಾರಿಗೆ ನುಗ್ಗಿದೆವು. ನೀಲಿ ಬೋರ್ಡ್ ಕಣ್ಣಿಗೆ ಬಿದ್ದಾಗ ಆಗಲೇ ದಾಟಿಯಾಗಿತ್ತು. ಪೊಲೀಸರು ಹಿಡಿಯಲಿಲ್ಲ, ಬಚಾವಾದೆವು ಅಂದುಕೊಂಡೆವು.

ಆದರೆ ಅಲ್ಲಿ ಪೊಲೀಸರು ನಿಲ್ಲಬೇಕಾಗಿಲ್ಲ, ಕ್ಯಾಮೆರಾ ಇರುತ್ತದೆ. ಮೂರು ವಾರದ ಮೇಲೆ ಕಾಗದ ಬಂತು. ಒಂದೇ ತಪ್ಪಿಗೆ ಎರಡು ಖರ್ಚು. ಕಾರು ಕೊಟ್ಟ ಕಂಪನಿ ನಮ್ಮ ಹೆಸರು ವಿಳಾಸವನ್ನು ಕೌನ್ಸಿಲ್‌ಗೆ, ಅಂದರೆ ಅಲ್ಲಿನ ನಗರಸಭೆಗೆ, ಕೊಡುವುದಕ್ಕೆ ಕಾರ್ಡಿನಿಂದ ಒಂದು ಶುಲ್ಕ ಹಿಡಿಯಿತು. ಕೌನ್ಸಿಲ್ ದಂಡ ಬೇರೆ. ಅಂಥ ಕಾಗದ ಬಂದರೆ ಮೂಲೆಗೆ ಹಾಕಬೇಡಿ. 14 ದಿನದೊಳಗೆ ಕಟ್ಟಿದರೆ ಅರ್ಧ ದಂಡ ಸಾಕು.

ಆ ರಾತ್ರಿ ಕೋಟೆಯ ಹೊರಗೆ ದುಡ್ಡು ಕೊಟ್ಟು ಕಾರು ನಿಲ್ಲಿಸಿದೆವು. ಹೋಟೆಲ್‌ಗೆ ಸ್ವಂತ ಪಾರ್ಕಿಂಗ್ ಇರಲಿಲ್ಲ. ನಿಮ್ಮ ಹೋಟೆಲ್‌ಗೆ ಇದೆಯಾ ಎಂದು ಇವತ್ತೇ ಕೇಳಿಬಿಡಿ.

ಮರುದಿನ ವಿಟ್‌ಬಿ ಕಡಲ ತೀರಕ್ಕೆ ಹೋಗುವ ಆಸೆ. ಊರ ಹೊರಗೆ ಬಂಕ್‌ಗೆ ಹೋದೆವು. ಅಲ್ಲಿ ಹಾಕಿಕೊಡುವವರು ಯಾರೂ ಇರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಇವರು ಹಸಿರು ಪೈಪ್ ತೆಗೆದು ಹಾಕತೊಡಗಿದರು. ಅಲ್ಲಿ ಹಸಿರು ಎಂದರೆ ಪೆಟ್ರೋಲ್, ಕಪ್ಪು ಎಂದರೆ ಡೀಸೆಲ್. ನಮ್ಮದು ಡೀಸೆಲ್ ಕಾರು. ಐದಾರು ಲೀಟರ್ ಹೋದ ಮೇಲೆ ಮುಚ್ಚಳದ ಮೇಲಿನ ಅಕ್ಷರ ಓದಿ ಕೈ ನಿಲ್ಲಿಸಿದರು. ಡೀಸೆಲ್ ಪೈಪಿನ ಮೂತಿ ದಪ್ಪ, ಪೆಟ್ರೋಲ್ ಕಾರಿಗೆ ಹಿಡಿಸುವುದಿಲ್ಲ. ಪೆಟ್ರೋಲ್ ಪೈಪಿನ ಮೂತಿ ಸಣ್ಣದು, ಡೀಸೆಲ್ ಟ್ಯಾಂಕಿಗೆ ಸಲೀಸಾಗಿ ಇಳಿಯುತ್ತದೆ. ಹಾಗಾಗಿ ಜಾಸ್ತಿ ಆಗುವುದು ಈ ತಪ್ಪೇ.

ನಿಮಗೇನಾದರೂ ಹೀಗಾದರೆ ಒಂದು ಮಾತು ಮರೆಯಬೇಡಿ. ಇಗ್ನಿಷನ್ ಆನ್ ಮಾಡಲೇಬೇಡಿ, 'ಸ್ವಲ್ಪ ಪಕ್ಕಕ್ಕೆ ಇಡೋಣ' ಎಂದು ಕೂಡ. ಡೀಸೆಲ್ ಇಂಧನವೂ ಹೌದು, ಪಂಪಿಗೆ ಎಣ್ಣೆಯ ಹಾಗೆ ಜಾರಿಕೆ ಕೊಡುವುದೂ ಅದೇ. ಪೆಟ್ರೋಲ್ ಆ ಜಾರಿಕೆಯನ್ನು ತೊಳೆದುಬಿಡುತ್ತದೆ. ಆಮೇಲೆ ಲೋಹಕ್ಕೆ ಲೋಹ ಉಜ್ಜಿ ಪಂಪು, ಇಂಜೆಕ್ಟರ್ ಎಲ್ಲ ಹಾಳು. ಬಂಕಿನ ಹುಡುಗಿ ಬಂದು ಗೇರ್ ನ್ಯೂಟ್ರಲ್ ಮಾಡಿಸಿ, ತಳ್ಳಲು ತಾನೂ ಕೈ ಹಾಕಿದಳು. ಎರಡೂವರೆ ಗಂಟೆ ಕಾದ ಮೇಲೆ ವ್ಯಾನ್ ಬಂದು ಟ್ಯಾಂಕ್ ಖಾಲಿ ಮಾಡಿತು. ಇನ್ನೂರು ಪೌಂಡ್ ಮೇಲಾಯಿತು. ನಾವು ತೆಗೆದುಕೊಂಡ ವಿಮೆಯಲ್ಲಿ ಇದು ಸೇರಿರಲಿಲ್ಲ. ಕಾರು ಪಡೆಯುವಾಗಲೇ ಇದನ್ನು ಕೇಳಿಕೊಳ್ಳಿ, ಮುಚ್ಚಳದ ಫೋಟೋ ತೆಗೆದಿಟ್ಟುಕೊಳ್ಳಿ.

ಆ ಎರಡೂವರೆ ಗಂಟೆ ನಾವು ಮಾತೇ ಆಡಲಿಲ್ಲ. ಹಿಂದಿನ ದಿನದ್ದನ್ನೂ ಸೇರಿಸಿ ನಾನು ಅವರಿಗೆ ಜೋರಾಗಿ ಅಂದುಬಿಟ್ಟಿದ್ದೆ. ದುಡ್ಡು ಹೋದದ್ದಕ್ಕಿಂತ ಅದೇ ನನಗೆ ಜಾಸ್ತಿ ಬೇಜಾರು. ಹೊಸ ಊರು, ಹೊಸ ಕಾರು, ಸ್ಟೀರಿಂಗ್ ಹಿಡಿದವರಿಗೆ ಮೊದಲೇ ಭಯ ಇರುತ್ತದೆ ಅಲ್ವಾ?

ವಿಟ್‌ಬಿ ಕೈಬಿಟ್ಟೆವು. ಕಾರನ್ನು ಮತ್ತೆ ಅದೇ ಜಾಗದಲ್ಲಿ ಬಿಟ್ಟು ಬೂಥಮ್ ಬಾರ್ ಹತ್ತಿರ ಮೆಟ್ಟಿಲು ಹತ್ತಿ ಕೋಟೆ ಗೋಡೆಯ ಮೇಲೆ ನಡೆಯತೊಡಗಿದೆವು. ನಾನು ಚಿತ್ರದುರ್ಗದವಳು, ಕೋಟೆ ನನಗೆ ಹೊಸದಲ್ಲ. ಆದರೆ ಬದುಕಿರುವ ಊರೊಂದನ್ನು ಸುತ್ತಿಕೊಂಡು ನಿಂತ ಗೋಡೆಯ ಮೇಲೆ, ಜನರ ಹಿತ್ತಲು, ಹಣ್ಣಿನ ಗಿಡ ನೋಡುತ್ತಾ ನಡೆಯುವುದು ಹೊಸದು. ಒಟ್ಟು ಸುಮಾರು 3.4 ಕಿಲೋಮೀಟರ್, ಟಿಕೆಟ್ ಇಲ್ಲ. ಕತ್ತಲಾಗುವಾಗ ಮುಚ್ಚುತ್ತಾರೆ. ಕೆಲವು ಕಡೆ ಒಳಬದಿಗೆ ಕಂಬಿ ಇಲ್ಲ, ಮಳೆ ಬಂದಿದ್ದರೆ ಹುಷಾರು. ಏಪ್ರಿಲ್‌ನಲ್ಲಿ ಗೋಡೆಯ ಕೆಳಗಿನ ಇಳಿಜಾರಿನ ತುಂಬ ಹಳದಿ ಡ್ಯಾಫೋಡಿಲ್ ಹೂವು. ಬೂಥಮ್ ಬಾರ್‌ನಿಂದ ಮಂಕ್ ಬಾರ್‌ವರೆಗೆ ಪಕ್ಕದಲ್ಲೇ ಮಿನ್‌ಸ್ಟರ್ ಚರ್ಚಿನ ಗೋಪುರಗಳು ಕಾಣುತ್ತಲೇ ಇರುತ್ತವೆ. ಅಲ್ಲಿ ನಮ್ಮವರು, 'ಸುಮ್ನೆ ನಿನ್ನೆಯೇ ಹೀಗೆ ಬರಬೇಕಿತ್ತು ಕಣೇ' ಎಂದರು. ಅದೇ ಮೊದಲ ಮಾತು.

ಕೆಳಗೆ ನೋಡಿದರೆ ಹಿಂದಿನ ದಿನ ಸಿಕ್ಕಿಕೊಂಡಿದ್ದ ಕಮಾನು. ಮೇಲಿನಿಂದ ನೋಡಿದಾಗ ತಪ್ಪು ಎಲ್ಲಿ ಆಯಿತು ಎಂದು ತಿಳಿಯಿತು. ಕ್ರಿ.ಶ. 71ರಲ್ಲಿ ರೋಮನ್ನರು ಕಟ್ಟಿದ ದಂಡಿನ ಕೋಟೆಯಿಂದ ಬೆಳೆದ ಊರು ಇದು. 306ರಲ್ಲಿ ಕಾನ್‌ಸ್ಟಂಟೈನನನ್ನು ಸೈನಿಕರು ಚಕ್ರವರ್ತಿ ಎಂದು ಸಾರಿದ್ದು ಇಲ್ಲೇ. ಇಲ್ಲಿನ ಬೀದಿಗಳು ಕಾಲ್ನಡಿಗೆಗೆ, ಕುದುರೆ ಗಾಡಿಗೆ ಎಂದು ಆದವು, ಕಾರಿಗಲ್ಲ. ಶ್ಯಾಂಬಲ್ಸ್ ಎಂಬ, ಹಿಂದೆ ಕಟುಕರದಾಗಿದ್ದ ಬೀದಿಗೆ ಹೋಗಿ ನೋಡಿ. ಎರಡೂ ಕಡೆಯ ಮರದ ಮನೆಗಳು ಮೇಲೆ ಮೇಲೆ ಮುಂದಕ್ಕೆ ಬಾಗಿವೆ. ಬಿಸಿಲು ಮಾಂಸದ ಮೇಲೆ ಬೀಳದಿರಲು ಅದು ಅನುಕೂಲವಾಗಿತ್ತು. ಮಾಂಸ ಇಡುತ್ತಿದ್ದ ಅಗಲ ಹಲಗೆಗಳು, ಕೊಕ್ಕೆಗಳು ಇನ್ನೂ ಇವೆ.

ಮಿನ್‌ಸ್ಟರ್‌ಗೆ ಮಾತ್ರ ಅರ್ಧ ದಿನ ಇಟ್ಟುಕೊಳ್ಳಿ. ಪೂರ್ವದ ದೊಡ್ಡ ಕಿಟಕಿಯ ಮುಂದೆ ನಾವು ಒಂದು ಗಂಟೆ ಕೂತಿದ್ದೆವು. ಜಾನ್ ಥಾರ್ನ್‌ಟನ್ ಎಂಬ ಕುಶಲಕರ್ಮಿ 1405ರಿಂದ 1408ರವರೆಗೆ, ಮೂರೇ ವರ್ಷದಲ್ಲಿ ಮಾಡಿಸಿದ ಬಣ್ಣದ ಗಾಜು. ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಲೋಕ ಹುಟ್ಟಿದ್ದರಿಂದ ಲೋಕ ಮುಗಿಯುವವರೆಗಿನ ಕಥೆ. ಸಂಜೆ ಬೆಳಕು ಇಳಿದ ಹಾಗೆ ನೀಲಿ ಗಾಢವಾಗುತ್ತಾ ಹೋಯಿತು. ಮನಸ್ಸು ಹಗುರವಾಯಿತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ರೈಲು ಸಿಗುವುದಾದರೆ ರೈಲಿನಲ್ಲೇ ಹೋಗಿ, ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ಸುಮಾರು ಎರಡು ಗಂಟೆ. ಸ್ಟೇಷನ್‌ನಿಂದ ಕೋಟೆ ಗೋಡೆ ಕಾಣುತ್ತದೆ. ಕಾರೇ ಬೇಕು ಎಂದರೆ ಊರ ಹೊರಗೆ ಸುತ್ತಲೂ ಆಸ್ಕಮ್ ಬಾರ್, ಗ್ರಿಮ್‌ಸ್ಟನ್ ಬಾರ್‌ನಂಥ (ಇವು ಕೋಟೆ ಬಾಗಿಲಲ್ಲ) ಪಾರ್ಕ್ ಅಂಡ್ ರೈಡ್ ಜಾಗಗಳಿವೆ, ಅಲ್ಲಿ ಕಾರು ಬಿಟ್ಟು ಬಸ್ಸಿನಲ್ಲಿ ಊರೊಳಗೆ ಹೋಗುವುದು. ಕಾರು ನಿಲ್ಲಿಸಲು ದುಡ್ಡಿಲ್ಲ, ಬಸ್ ಟಿಕೆಟ್ ಮಾತ್ರ. ಕೊನೆಯ ಬಸ್ ಎಷ್ಟು ಹೊತ್ತಿಗೆ, ರಾತ್ರಿ ಕಾರು ಬಿಡಬಹುದಾ ಎಂದು ಅಲ್ಲಿನ ಬೋರ್ಡ್ ಓದಿ. ಎರಡು ದಿನ ಸಾಕು, ಎರಡು ರಾತ್ರಿ ಇದ್ದರೆ ಇನ್ನೂ ಒಳ್ಳೆಯದು. ಒಂದು ಸಂಜೆ ಮಿನ್‌ಸ್ಟರ್‌ನಲ್ಲಿ ಈವನ್‌ಸಾಂಗ್ ಎಂಬ ಹಾಡಿನ ಪ್ರಾರ್ಥನೆಗೆ ಹೋಗಿ. ಅದಕ್ಕೆ ಟಿಕೆಟ್ ಬೇಡ, ಯಾರು ಬೇಕಾದರೂ ಕೂರಬಹುದು. ಸ್ವಲ್ಪ ಮುಂಚೆ ಹೋದರೆ ಹಾಡುವವರ ಹತ್ತಿರವೇ ಜಾಗ ಸಿಗುತ್ತದೆ.