ಶಿವಮೊಗ್ಗದಲ್ಲಿ ರಾತ್ರಿ ಎಷ್ಟು ಗಂಟೆಗೆ ಶುರು?

ಪ್ರಶ್ನೆ: ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಒಬ್ಬನೇ ಊರೂರು ಸುತ್ತುವುದು ನನ್ನ ಹುಚ್ಚು. ಡಿಸೆಂಬರ್‌ನಲ್ಲಿ ಜೋಗಕ್ಕೆ ಹೋಗುವ ದಾರಿಯಲ್ಲಿ ಶಿವಮೊಗ್ಗದಲ್ಲಿ ಒಂದು ಹಗಲು, ಒಂದು ರಾತ್ರಿ ಇರುತ್ತೇನೆ. ಊರು ಹೊಸದು. ಹಗಲೆಲ್ಲ ಮಲಗಿ, ರಾತ್ರಿ 9ರ ಮೇಲೆ ಬೀದಿ ತಿಂಡಿ, ನೈಟ್‌ಲೈಫ್ ನೋಡೋಣ ಅಂದುಕೊಂಡಿದ್ದೇನೆ. ಅಲ್ಲಿ ರಾತ್ರಿ ಏನೂ ಇರಲ್ಲ ಅಂತ ಗೆಳೆಯರು ನಗುತ್ತಾರೆ. ನಿಜವಾ ಸಾರ್?
– ಓದುಗರೊಬ್ಬರು, ಮೈಸೂರು

ಉತ್ತರ: ಗೆಳೆಯರ ಮಾತು ಅರ್ಧ ನಿಜ. ನಿಮ್ಮ ಪ್ಲಾನ್ ಮಾತ್ರ ಪೂರ್ತಿ ತಲೆಕೆಳಗು. 9ಕ್ಕೆ ನೀವು ಎದ್ದು ಮುಖ ತೊಳೆಯುವ ಹೊತ್ತಿಗೆ ನಮ್ಮ ಗಾಡಿಯವರು ಬಾಣಲೆ ತೊಳೆಯುತ್ತಿರುತ್ತಾರೆ.

ನಾನು ಇದೇ ಊರಿನ ಪತ್ರಿಕೆಯೊಂದರಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವನು. ಕೊನೇ ಪುಟ ಪ್ರೆಸ್ಸಿಗೆ ಕಳಿಸಿ ಬೀದಿಗೆ ಬಂದರೆ ಏನು ಸಿಗುತ್ತೆ, ಏನು ಸಿಗಲ್ಲ ಅನ್ನುವುದು ನನ್ನ ಹೊಟ್ಟೆಗೆ ಚೆನ್ನಾಗಿ ಗೊತ್ತು. ಇಲ್ಲಿ ಬೀದಿ ತಿಂಡಿ ಅಂದರೆ ಸಂಜೆಯದು. ಐದೂವರೆಗೆ ಒಲೆ ಹಚ್ಚುತ್ತಾರೆ, ಏಳೂವರೆಗೆ ನಿಲ್ಲಲು ಜಾಗ ಇರಲ್ಲ, ಹತ್ತರ ಹೊತ್ತಿಗೆ ಹೆಚ್ಚಿನವರು ಗಾಡಿ ಮುಚ್ಚಿರುತ್ತಾರೆ.

ನೀವು ಹುಡುಕುತ್ತಿರುವ ರಾತ್ರಿ ಬರುವಾಗಲೇ ಸಿಗುತ್ತದೆ. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲು ಹಿಡಿಯಿರಿ. ಬೆಳಕು ಹರಿಯುವ ಮೊದಲೇ ಶಿವಮೊಗ್ಗದಲ್ಲಿ ಇಳಿಸುತ್ತದೆ. ಸೀದಾ ಲಾಡ್ಜಿಗೆ ಹೋಗಿ ಮಲಗಬೇಡಿ. ಬಸ್ ನಿಲ್ದಾಣದ ಕಡೆ ಬನ್ನಿ. ಸರ್ಕಾರಿ ನಿಲ್ದಾಣ, ಖಾಸಗಿ ನಿಲ್ದಾಣ ಎರಡೂ ಅಕ್ಕಪಕ್ಕ. ಪೇಪರ್ ಹಾಕುವ ಹುಡುಗರು ನೆಲದ ಮೇಲೆ ಕಟ್ಟು ಬಿಚ್ಚಿ, ಪುರವಣಿ ಸೇರಿಸುತ್ತಾ ಕೂತಿರುತ್ತಾರೆ. ಹಾಲಿನ ಗಾಡಿ ಬರುತ್ತದೆ. ತೀರ್ಥಹಳ್ಳಿ, ಸಾಗರ, ಹೊಸನಗರ ಅಂತ ಕಂಡಕ್ಟರ್‌ಗಳು ಕೂಗಲು ಶುರು ಮಾಡುತ್ತಾರೆ. ಡಿಸೆಂಬರ್ ಚಳಿಗೆ ಒಂದು ಟೀ ಸಾಲದು, ಎರಡು ಕುಡಿಯಿರಿ. ಪಾಳಿ ಮುಗಿಸಿದ ನಮಗೆಲ್ಲ ಅದೇ ನೈಟ್‌ಲೈಫ್ ಆಗಿತ್ತು. ಸಂಬಳಕ್ಕೂ ಅಷ್ಟೇ ಎಟುಕುತ್ತಿತ್ತು ಅನ್ನಿ.

ಆಮೇಲೆ ಸ್ನಾನ, ಮೀನಾಕ್ಷಿ ಭವನದಲ್ಲಿ ಒಂದು ಮಸಾಲೆ ದೋಸೆ. ಅಲ್ಲಿಂದ ತೀರ್ಥಹಳ್ಳಿ ಕಡೆ ಬಸ್ ಹತ್ತಿದರೆ ಸುಮಾರು 14 ಕಿಲೋಮೀಟರ್ ದೂರದಲ್ಲಿ ಸಕ್ರೆಬೈಲು ಆನೆ ಬಿಡಾರ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಆನೆಗಳ ಸ್ನಾನ ನಡೆಯುವುದು ಬೆಳಿಗ್ಗೆ, ತಡ ಮಾಡಿದರೆ ಇಲ್ಲ. ಮಧ್ಯಾಹ್ನ ವಾಪಸ್ ಬಂದು ಊಟ ಮಾಡಿ ಮಲಗಿ. ಐದಕ್ಕೆ ಎದ್ದರೆ ಸಾಕು.

ಸಂಜೆ ಗಾಂಧಿ ಬಜಾರಿನಿಂದ ಹೊರಡಿ. ಶಿವಪ್ಪ ನಾಯಕನ ಪ್ರತಿಮೆ ಗುರುತು ಇಟ್ಟುಕೊಳ್ಳಿ, ದಾರಿ ತಪ್ಪಲ್ಲ. ಹೂವು, ಕುಂಕುಮ, ಸಂಬಾರ ಪದಾರ್ಥ, ಪಾತ್ರೆ, ಎಲ್ಲದರ ವಾಸನೆ ಒಟ್ಟಿಗೆ ಬರುತ್ತದೆ. ಅಲ್ಲಿಂದ ನೆಹರೂ ರಸ್ತೆ, ದುರ್ಗಿಗುಡಿ. ಎಲ್ಲ ನಡಿಗೆಯಲ್ಲೇ ಆಗುತ್ತೆ. ಮೊದಲ ಗಾಡಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಮಸಾಲೆ ಮಂಡಕ್ಕಿಯಿಂದ ಶುರು ಮಾಡಿ. ಕಲಸಿದ ಕೂಡಲೇ ತಿನ್ನಬೇಕು, ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತೆ. ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ ಒಂದೇ ಒಂದು. ನಡುವೆ ಸ್ವಲ್ಪ ನಡೆಯಿರಿ. ಕೊನೆಗೆ ಎಗ್ ರೈಸ್. ತವಾ ಮೇಲೆ ಸಟ್ಟುಗ ಬಡಿಯುವ ಸದ್ದು ದೂರದಿಂದಲೇ ಕರೆಯುತ್ತದೆ. ಜನ ಜಾಸ್ತಿ ಇರುವ ಗಾಡಿಗೇ ಹೋಗಿ. ಅಲ್ಲಿ ಅನ್ನ ತಣ್ಣಗಾಗಲು ಪುರುಸೊತ್ತು ಇರಲ್ಲ.

ಗೋಬಿ ಮಂಚೂರಿ ತಿನ್ನುವವರಾದರೆ ಬಣ್ಣ ನೋಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಕೆಂಪು ಲಂಗದ ಬಣ್ಣದ ಗೋಬಿ ಕಂಡರೆ ಮುಂದಿನ ಗಾಡಿಗೆ ನಡೆಯಿರಿ. ಕಂದು ಬಣ್ಣದ್ದೂ ಅಷ್ಟೇ ರುಚಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದ್ಯಾವುದೂ ಮಲೆನಾಡಿನ ಊಟ ಅಲ್ಲ. ಕಡುಬು, ಪತ್ರೊಡೆ, ಏಡಿ ಸಾರು, ಕಳಲೆ ಪಲ್ಯ ಎಲ್ಲ ಮನೆಯ ಅಡುಗೆ. ಕಳಲೆಯನ್ನೇ ನೋಡಿ. ಎಳೆ ಬಿದಿರನ್ನು ಹೆಚ್ಚಿ, ಒಂದೆರಡು ದಿನ ನೀರು ಬದಲಿಸುತ್ತಾ ನೆನೆಹಾಕಬೇಕು, ಇಲ್ಲದಿದ್ದರೆ ಅದರ ನಂಜು ಹೋಗಲ್ಲ. ಗಾಡಿಯವನಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಅದೂ ಮಳೆಗಾಲದ್ದು, ಡಿಸೆಂಬರ್‌ನಲ್ಲಿ ಕೇಳಬೇಡಿ. ಅಕ್ಕಿ ರೊಟ್ಟಿ ಕೆಲವು ಊಟದ ಹೋಟೆಲುಗಳಲ್ಲಿ ಸಿಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಕಾಗದದಷ್ಟು ತೆಳ್ಳಗಿನ ಸಿಹಿ ತಿಂಡಿ ತೊಡೆದೇವು ಬೇಕಾದರೆ ಮುಂದೆ ಸಾಗರದಲ್ಲಿ ಕೊಳ್ಳಿ. ತೊಡೆದೇವನ್ನು ಬ್ಯಾಗಿನ ತಳಕ್ಕೆ ತುರುಕಿದರೆ ಜೋಗ ಮುಟ್ಟುವಾಗ ಪುಡಿ ಆಗಿರುತ್ತೆ, ಕೈಯಲ್ಲೇ ಹಿಡಿದುಕೊಳ್ಳಿ.

ಹತ್ತರ ಮೇಲೆ? ಸೆಕೆಂಡ್ ಶೋ ಸಿನಿಮಾ ಇದೆ. ಬಾರ್‌ಗಳಿವೆ, ಅವು ಮೈಸೂರಲ್ಲೂ ಇವೆ. ಮಲೆನಾಡಿನ ನಿಜವಾದ ರಾತ್ರಿ ನೋಡಬೇಕಾದರೆ ಪೇಟೆ ಬಿಡಬೇಕು. ದೀಪಾವಳಿ ಕಳೆದ ಮೇಲೆ ಮಳೆಗಾಲದವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಕ್ಷಗಾನದ ಆಟಗಳು ನಡೆಯುತ್ತವೆ. ಈಗ ಕೆಲವು ಕಾಲಮಿತಿಯವು, ನಡುರಾತ್ರಿಗೇ ಮುಗಿಯುತ್ತವೆ. ಬೆಳಗಿನವರೆಗೆ ನಡೆಯುವ ಆಟವನ್ನೇ ಕೇಳಿ ಹೋಗಿ. ಯಾಕೆಂದರೆ ಕಡೇ ಬಸ್ ಹೋದ ಮೇಲೆ ನಿಮಗೆ ಮೊದಲ ಬಸ್ಸೇ ಗತಿ. ಆಟದ ಬಯಲಿನ ಅಂಚಿನಲ್ಲಿ ಚುರುಮುರಿ, ಆಮ್ಲೆಟ್, ಟೀ ಅಂಗಡಿಗಳು ಎದ್ದಿರುತ್ತವೆ. ಚೆಂಡೆ ಜೋರಾದಾಗ ಆಮ್ಲೆಟ್ ಹುಯ್ಯುವವನೂ ಕೈ ಬಿಟ್ಟು ರಂಗದ ಕಡೆ ನೋಡುತ್ತಾನೆ. ನಿಮ್ಮದು ಸ್ವಲ್ಪ ಸೀದರೆ ಬೈಯಬೇಡಿ.

ಎಳ್ಳಮಾವಾಸ್ಯೆ ಡಿಸೆಂಬರ್‌ನಲ್ಲೇ ಬಿದ್ದರೆ ಅದೃಷ್ಟ. ತೀರ್ಥಹಳ್ಳಿಯಲ್ಲಿ ರಾಮೇಶ್ವರನ ಜಾತ್ರೆ, ಕೊನೇ ರಾತ್ರಿ ತುಂಗೆಯಲ್ಲಿ ತೆಪ್ಪೋತ್ಸವ. ಪಂಚಾಂಗ ನೋಡಿ ದಿನ ಗೊತ್ತು ಮಾಡಿಕೊಳ್ಳಿ.

ಆಟವೂ ಇಲ್ಲ, ಜಾತ್ರೆಯೂ ಇಲ್ಲ ಅಂದರೆ ಹತ್ತೂವರೆಗೆ ಮಲಗಿ, ಬೆಳಗಿನ ಜಾವ ಎದ್ದು ಅದೇ ತಾಳಗುಪ್ಪ ರೈಲು ಹತ್ತಿ. ತಾಳಗುಪ್ಪದಿಂದ ಜೋಗ ಹತ್ತಿರ. ಆದರೆ ಡಿಸೆಂಬರ್‌ನಲ್ಲಿ ಜೋಗದಲ್ಲಿ ನೀರು ಕಮ್ಮಿ. ಶರಾವತಿಯನ್ನು ಲಿಂಗನಮಕ್ಕಿಯಲ್ಲಿ ತಡೆದಿದ್ದಾರಲ್ಲ. ಅಲ್ಲಿ ನಿಂತುಕೊಂಡು ನನಗೆ ಬೈದು ಕಾಗದ ಬರೆಯಬೇಡಿ.

ಪ್ರಶ್ನೆ: ನಾನು ಹುಬ್ಬಳ್ಳಿಯ ಕಾಲೇಜು ಉಪನ್ಯಾಸಕಿ. ಒಬ್ಬಳೇ ಶಿವಮೊಗ್ಗಕ್ಕೆ ಬಂದರೆ ಸಂಜೆ ಗಾಡಿ ತಿಂಡಿಗೆ ಓಡಾಡಬಹುದಾ? ರಾತ್ರಿ ಆಟಕ್ಕೆ ಹೋಗಬಹುದಾ?

ಉತ್ತರ: ಸಂಜೆಯ ಮಾತಾದರೆ ಧಾರಾಳವಾಗಿ ಬನ್ನಿ ಮೇಡಂ. ನೆಹರೂ ರಸ್ತೆ, ದುರ್ಗಿಗುಡಿಯಲ್ಲಿ ಗಾಡಿಗಳ ಮುಂದೆ ಹೆಂಗಸರು, ಮಕ್ಕಳೇ ಹೆಚ್ಚು. ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ನೀವೂ ರೂಮಿಗೆ ಹೊರಡಿ. ಆಟೋ ಹತ್ತುವ ಮೊದಲೇ ದರ ಕೇಳಿ. ಆಟಕ್ಕೆ ಮಾತ್ರ ಒಬ್ಬರೇ ಹೋಗಿ ಅಂತ ನಾನು ಹೇಳಲ್ಲ. ಜನ ಕೆಟ್ಟವರು ಅಂತಲ್ಲ. ಮುಗಿದ ಮೇಲೆ ಕತ್ತಲೆ ದಾರಿಯಲ್ಲಿ ಬಸ್ ಇಲ್ಲದೆ ನಿಲ್ಲಬೇಕಾಗುತ್ತೆ, ಅದಕ್ಕೆ. ಆ ಕಡೆ ಹೋಂಸ್ಟೇಯಲ್ಲಿ ಉಳಿದರೆ ಮನೆಯವರೇ ಕರೆದುಕೊಂಡು ಹೋಗುತ್ತಾರೆ, ಕೂರಲು ಚಾಪೆಯನ್ನೂ ಹೊತ್ತು ತರುತ್ತಾರೆ. ಫೋನಿನಲ್ಲಿ 112 ಇರಲಿ.

ಪ್ರಶ್ನೆ: ನಮ್ಮ ದಾವಣಗೆರೆ ಬೆಣ್ಣೆದೋಸೆಗೆ ಸಮನಾದದ್ದು ನಿಮ್ಮೂರಲ್ಲಿ ಏನಿದೆ, ಹೇಳಿ ನೋಡೋಣ.

ಉತ್ತರ: ಏನೂ ಇಲ್ಲ, ಒಪ್ಪಿದೆ. ಆದರೆ ಜುಲೈ ಮಳೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತು ಬಿಸಿ ಬಜ್ಜಿ ತಿನ್ನುವ ಸುಖ ನಿಮ್ಮ ಕಡೆ ಸಿಗಲ್ಲ. ಬನ್ನಿ, ಛತ್ರಿ ತನ್ನಿ. ಬರುವಾಗ ಒಂದಿಷ್ಟು ಬೆಣ್ಣೆ ತಂದರೂ ಬೇಡ ಅನ್ನಲ್ಲ.