ನಾಲ್ಕು ಕಡ್ಡಿ ಇದ್ದರೂ ಕರೆ ಹೋಗದೇಕೆ?

ಪ್ರಶ್ನೆ: ಕುಂಬಳೆ ಜಾತ್ರೆಯ ಬೆಡಿಗೆ (ಸುಡುಮದ್ದು ನೋಡಲು) ಹೋಗಿದ್ದಾಗ ಜನರ ನಡುವೆ ಅಮ್ಮ ತಪ್ಪಿಹೋದರು. ಫೋನಿನಲ್ಲಿ ರೇಂಜ್ ನಾಲ್ಕು ಕಡ್ಡಿ ಇತ್ತು, ಆದರೂ ಅರ್ಧ ಗಂಟೆ ಕರೆ ಹೋಗಲೇ ಇಲ್ಲ. ಬೇರೆ ದಿನ ಅದೇ ಜಾಗದಲ್ಲಿ ಏನೂ ತೊಂದರೆಯಿಲ್ಲ. ಯಾಕೆ ಹೀಗೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಆ ಅರ್ಧ ಗಂಟೆ ನಿಮಗೆ ಹೇಗಾಗಿರಬೇಡ! ಕಡ್ಡಿಗಳು ಹೇಳುವುದು ಟವರಿನ ಅಲೆ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಸಿಗುತ್ತಿದೆ ಅಂತ ಮಾತ್ರ. ಟವರಿನಲ್ಲಿ ನಿಮಗೆ ಜಾಗ ಉಂಟೋ ಇಲ್ಲವೋ ಅವುಗಳಿಗೆ ಗೊತ್ತಿಲ್ಲ.

ಒಂದು ಕಂಪನಿಗೆ ಸಿಕ್ಕಿರುವ ತರಂಗಾಂತರ ಇಷ್ಟೇ ಅಂತ ಇರುತ್ತದೆ, ಅದನ್ನೇ ಎಲ್ಲರಿಗೂ ಹಂಚಬೇಕು. 2ಜಿಯಲ್ಲಿ ಒಂದು ತರಂಗವನ್ನು 8 ಸರದಿಗಳಾಗಿ ಕತ್ತರಿಸುತ್ತಿದ್ದರು. 4ಜಿ ಟವರು ಸೆಕೆಂಡಿಗೆ 1000 ಸಲ ಹೊಸದಾಗಿ ಪಾಲು ಮಾಡುತ್ತದೆ. 20 ಮೆಗಾಹರ್ಟ್ಸ್ ಅಗಲದ ತರಂಗಾಂತರ ಇದ್ದರೆ ಪ್ರತಿ ಸಲ ಹಂಚಲು 100 ತುಂಡು ಸಿಗುತ್ತವೆ.

ಆದರೆ ನಿಮ್ಮ ಫೋನು ಸಿಕ್ಕಿಬಿದ್ದದ್ದು ಬಹುಶಃ ಅದಕ್ಕಿಂತ ಮೊದಲೇ, ಬಾಗಿಲಲ್ಲೇ. ಕರೆ ಮಾಡಬೇಕಾದರೆ ಫೋನು ಮೊದಲು "ನನಗೂ ಜಾಗ ಕೊಡು" ಅಂತ ಟವರನ್ನು ಕೂಗಬೇಕು, ಅಲ್ವಾ? ಈ ಕೂಗಿಗೆ ಸರದಿ ಇಲ್ಲ. 4ಜಿಯಲ್ಲಿ ಒಂದು ಸೆಲ್ಲಿಗೆ (ಅಂದರೆ ಟವರಿನ ಒಂದು ಆಂಟೆನಾ ನೋಡಿಕೊಳ್ಳುವ ಜಾಗಕ್ಕೆ) 64 ಬಗೆಯ ಕೂಗುಗಳಷ್ಟೇ ಇವೆ, ಫೋನು ಸಾಮಾನ್ಯವಾಗಿ ಅದರಲ್ಲೊಂದನ್ನು ಸುಮ್ನೆ ಕಣ್ಣುಮುಚ್ಚಿ ಆರಿಸುತ್ತದೆ. ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಕೂಗು ಹಾಕಿದರೆ ಡಿಕ್ಕಿ, ಸ್ವಲ್ಪ ಕಾದು ಪುನಃ ಕೂಗಬೇಕು. ಬೆಡಿ ಮುಗಿದ ಕೂಡಲೇ ಸಾವಿರಾರು ಜನ "ಎಲ್ಲಿದ್ದೀರಿ?" ಅಂತ ಒಟ್ಟಿಗೆ ಫೋನು ಒತ್ತಿದರೆ ಡಿಕ್ಕಿಯ ಮೇಲೆ ಡಿಕ್ಕಿ. ತಾಗದಿದ್ದಾಗ ನಾವು ಮತ್ತೆ ಮತ್ತೆ ಒತ್ತುತ್ತೇವೆ, ಆಗ ಇನ್ನೂ ಜಾಸ್ತಿ.

ಇದಕ್ಕೆ ಮುಖ್ಯ ಉಪಾಯ ಊರನ್ನು ಸಣ್ಣ ಸಣ್ಣ ಸೆಲ್ಲುಗಳಾಗಿ ಒಡೆದು, ಅದೇ ತರಂಗಾಂತರವನ್ನು ಬೇರೆ ಬೇರೆ ಕಡೆ ಮತ್ತೆ ಬಳಸುವುದು. 1947ರಲ್ಲೇ ಅಮೆರಿಕದ ದೂರವಾಣಿ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯೋಚನೆ ಇದು. ಸಂದಣಿ ಇರುವ ಕಡೆಗೆ ಗಾಡಿಯ ಮೇಲಿನ ಟವರನ್ನೂ ತರಬಹುದು. ಜಾತ್ರೆಯ ದಿನ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಕಂಪನಿಗಳು ಇದನ್ನು ಮಾಡಲೇಬೇಕು ಅಂತ ನನ್ನ ಅಭಿಪ್ರಾಯ. ನಮ್ಮ ನಿಮ್ಮಂಥವರ ಸಿಮ್ಮಿನೊಳಗೆ 0ಯಿಂದ 9ರವರೆಗಿನ ಒಂದು ವರ್ಗದ ಅಂಕೆಯೂ ಇರುತ್ತದೆ, ತೀರಾ ಇಕ್ಕಟ್ಟಾದಾಗ ಕೆಲವು ವರ್ಗದವರನ್ನು ಸ್ವಲ್ಪ ಹೊತ್ತು ತಡೆಯಲು ಅದು ಬೇಕಾಗುತ್ತದೆ. ಇವುಗಳ ಹೊರಗೆ ತುರ್ತು ಸೇವೆಯವರಿಗೆಂದೇ 14ನೇ ವರ್ಗ ಮೀಸಲಿದೆ.

ಮುಂದಿನ ಸಲ ಹೀಗಾದರೆ ಒಂದು ಎಸ್ಎಂಎಸ್ ಕಳಿಸಿ. ಅದಕ್ಕೆ ಬೇಕಾದ ಜಾಗ ತೀರಾ ಕಡಿಮೆ. ನಿಮ್ಮ ಫೋನಿನಿಂದ ಒಮ್ಮೆ ಹೊರಟರೆ ಸಾಕು, ಅಮ್ಮನ ಫೋನು ಸಿಗದಿದ್ದರೂ ನೆಟ್ವರ್ಕ್ ಅದನ್ನು ಇಟ್ಟುಕೊಂಡು ಮತ್ತೆ ಮತ್ತೆ ತಲುಪಿಸಲು ನೋಡುತ್ತದೆ.