ಅಪ್ಪನ ಕೈ ಮುಟ್ಟಿ ಎಷ್ಟು ದಿನವಾಯಿತು?

ಓದುಗರ ಪತ್ರ: ಅಮ್ಮ ತೀರಿಕೊಂಡು ಒಂದು ವರ್ಷವಾಯಿತು. ಅಪ್ಪನಿಗೆ 76. ಊಟ, ಮಾತ್ರೆ ಯಾವುದಕ್ಕೂ ಕೊರತೆ ಮಾಡಿಲ್ಲ. ಆದರೂ ಅವರು ಮಂಕಾಗಿದ್ದಾರೆ. ದಿನಕ್ಕೆ ಎಂಟು ಸಲ, ಒಂದೊಂದು ಸಲವೂ 20 ಸೆಕೆಂಡ್ ತಬ್ಬಿಕೊಂಡರೆ ಬಿಪಿ ಇಳಿಯುತ್ತದೆ, ನೆಗಡಿಯೂ ಹತ್ತಿರ ಸುಳಿಯುವುದಿಲ್ಲ ಅಂತ ಎಲ್ಲೋ ಓದಿದೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ತಬ್ಬಿಕೊಂಡವರಲ್ಲ. ಇದೆಲ್ಲ ನಿಜವೇ? ನಿಜವಾದರೆ ಈಗ ಎಲ್ಲಿಂದ ಶುರು ಮಾಡಲಿ?

ಸಂಪಾದಕರ ಉತ್ತರ: ಮೊದಲು ಆ ಎಂಟರ ಲೆಕ್ಕ ಬಿಟ್ಟುಬಿಡಿ. ಅದು ಕೇಳೋಕೆ ಚೆನ್ನಾಗಿದೆ, ಅಷ್ಟೇ. ಅಪ್ಪುಗೆ ಮಾತ್ರೆಯಲ್ಲ, ಬೆಳಿಗ್ಗೆ ನಾಲ್ಕು ರಾತ್ರಿ ನಾಲ್ಕು ಅಂತ ಕೊಡಲು.

20 ಸೆಕೆಂಡಿನ ಮಾತಿಗೆ ಸ್ವಲ್ಪ ಬುಡ ಇದೆ. 2003ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆದಿತ್ತು. ಜೋಡಿಗಳು ಹತ್ತು ನಿಮಿಷ ಕೈ ಹಿಡಿದು ಕೂತರು, ಆಮೇಲೆ 20 ಸೆಕೆಂಡ್ ತಬ್ಬಿಕೊಂಡರು. ಅದಾದ ಮೇಲೆ ಭಾಷಣ ಮಾಡಿ ಅಂದಾಗ ಅವರ ಬಿಪಿ, ಎದೆಬಡಿತ ಉಳಿದವರಷ್ಟು ಏರಲಿಲ್ಲ. ಈ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಾ ಆ ಹತ್ತು ನಿಮಿಷ ಎಲ್ಲೋ ಉದುರಿಹೋಯಿತು. ನನಗಂತೂ ಆ ಹತ್ತು ನಿಮಿಷವೇ ಮುಖ್ಯ ಅನ್ನಿಸುತ್ತದೆ.

ನೆಗಡಿಯ ಕತೆಯೂ ಹೀಗೇ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 404 ಆರೋಗ್ಯವಂತರನ್ನು ದಿನಾ ಸಂಜೆ ವಿಚಾರಿಸುತ್ತಿದ್ದರು: ಇವತ್ತು ಯಾರ ಜೊತೆಗಾದರೂ ಜಗಳವಾಯಿತೇ? ಯಾರಾದರೂ ತಬ್ಬಿಕೊಂಡರೇ? ಇದು ಎರಡು ವಾರ ನಡೆಯಿತು. ಕೊನೆಗೆ ಮೂಗಿಗೆ ನೆಗಡಿಯ ವೈರಸ್ ಬಿಟ್ಟು ಕಾದರು. ಜಗಳ ಜಾಸ್ತಿಯಾದವರಿಗೆ ಸೋಂಕಿನ ಅಪಾಯ ಏರುವುದನ್ನು ಅಪ್ಪುಗೆ ತಡೆಯುವಂತೆ ಕಂಡಿತು. ಹಾಗಂತ ವೈರಸ್ ಹತ್ತಿರ ಬರುವುದೇ ಇಲ್ಲ ಅಂತಲ್ಲ. ಮನಸ್ಸಿಗೆ ಬಿದ್ದ ಪೆಟ್ಟು ಮೈಗೆ ಅಷ್ಟಾಗಿ ಇಳಿಯುವುದಿಲ್ಲ ಅಂದುಕೊಳ್ಳಿ.

ಇನ್ನು ನಿಮ್ಮ ಮನೆಗೆ ಹೊಂದುವ ವಿಷಯಕ್ಕೆ ಬರುತ್ತೇನೆ. ನಮ್ಮ ಚರ್ಮದಲ್ಲಿ, ಅದರಲ್ಲೂ ಮುಂಗೈ, ತೋಳು, ಬೆನ್ನಿನಂಥ ರೋಮವಿರುವ ಕಡೆ, ಒಂದು ಬಗೆಯ ನಿಧಾನದ ನರಗಳಿವೆ. ಸೊಳ್ಳೆ ಕೂತಿತು, ಚೂಪಾದದ್ದು ತಾಗಿತು ಅಂತ ಥಟ್ಟನೆ ಹೇಳುವ ಕೆಲಸ ಇವುಗಳದ್ದಲ್ಲ, ಅದಕ್ಕೆ ಬೇರೆ ವೇಗದ ನರಗಳಿವೆ. ಇವುಗಳ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರ್‌ನಷ್ಟೇ ಸಾಗುತ್ತದೆ. ಬೆಚ್ಚನೆಯ ಕೈಯಿಂದ, ಸೆಕೆಂಡಿಗೆ ಮೂರು ಸೆಂಟಿಮೀಟರ್ ಆಸುಪಾಸಿನ ವೇಗದಲ್ಲಿ ನೇವರಿಸಿದರೆ ಇವು ಚೆನ್ನಾಗಿ ಸ್ಪಂದಿಸುತ್ತವೆ. ಮಗುವಿನ ಬೆನ್ನು ಸವರುವಾಗ ಯಾರೂ ಹೇಳಿಕೊಡದೆ ನಮ್ಮ ಕೈ ಹಿಡಿಯುವ ವೇಗ ಹೆಚ್ಚುಕಡಿಮೆ ಅದೇ. ವಯಸ್ಸಾದಂತೆ ಚರ್ಮದ ಚುರುಕು ಕಡಿಮೆಯಾಗುತ್ತದೆ, ನೇವರಿಕೆಯ ಹಿತ ಕಡಿಮೆಯಾಗುವುದಿಲ್ಲ.

ಅಂದಮೇಲೆ ತಬ್ಬಿಕೊಳ್ಳಲೇಬೇಕು ಅಂತೇನಿಲ್ಲ, ಅಲ್ವಾ? 2024ರಲ್ಲಿ ಸ್ಪರ್ಶದ ಕುರಿತ ನೂರಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಎಷ್ಟು ಹೊತ್ತು ಮುಟ್ಟಿದರು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದೇ ಹೆಚ್ಚು ಲೆಕ್ಕಕ್ಕೆ ಬಂತು. ಯಾರ ಕೈ ಅನ್ನುವುದೂ ಮುಖ್ಯ. 2006ರ ಒಂದು ಪ್ರಯೋಗದಲ್ಲಿ ಹದಿನಾರು ವಿವಾಹಿತ ಮಹಿಳೆಯರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಕಾಲಿಗೆ ಸಣ್ಣ ಶಾಕ್ ಕೊಡಬಹುದು ಎಂದು ಹೆದರಿಸಿದರು. ಅಪರಿಚಿತರು ಕೈ ಹಿಡಿದಾಗ ಮಿದುಳಿನ ಗಾಬರಿ ಸ್ವಲ್ಪ ಇಳಿಯಿತು. ಗಂಡ ಹಿಡಿದಾಗ ಇನ್ನೂ ಇಳಿಯಿತು. ದಾಂಪತ್ಯ ಚೆನ್ನಾಗಿದ್ದವರಲ್ಲಿ ಎಲ್ಲರಿಗಿಂತ ಜಾಸ್ತಿ.

ಒಂದು ಎಚ್ಚರಿಕೆ. ಮಂಕುತನ ವಾರಗಟ್ಟಲೆ ಬಿಡದೆ, ಊಟ ನಿದ್ದೆ ಕೆಟ್ಟಿದ್ದರೆ ವೈದ್ಯರಿಗೆ ತೋರಿಸಿ. ಕೈ ಹಿಡಿಯುವುದು ಚಿಕಿತ್ಸೆಯ ಜೊತೆಗಿರಲಿ, ಬದಲಿಗಲ್ಲ. ಅವರು ಕೈ ಹಿಂದಕ್ಕೆ ಎಳೆದುಕೊಂಡರೆ ಸುಮ್ನೆ ಬಿಟ್ಟುಬಿಡಿ. ಬೇಡವಾದ ಮುಟ್ಟು ಹಿತ ಕೊಡುವುದಿಲ್ಲ, ಮೈ ಇನ್ನಷ್ಟು ಬಿಗಿಯಾಗುತ್ತದೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾವೂ ತಬ್ಬಿಕೊಳ್ಳುವ ಜನವಲ್ಲ. ನನ್ನಪ್ಪನಿಗೆ ಕಣ್ಣು ಮಂಜಾದ ಮೇಲೆ ಒಂದು ಭಾನುವಾರ ಅವರ ಉಗುರು ಕತ್ತರಿಸಲು ಕೂತೆ. ಹೆಬ್ಬೆರಳ ಉಗುರು ಕಲ್ಲಿನಂತಾಗಿತ್ತು. ಮೊದಲ ಎರಡು ಬೆರಳು ಮುಗಿಯುವತನಕ ಅವರ ಕೈ ಮರದ ಕೊರಡಿನ ಹಾಗೆ ಬಿಗಿದುಕೊಂಡಿತ್ತು. ನಾನೂ ತಲೆ ಎತ್ತಲಿಲ್ಲ. ಮೂರನೆಯದಕ್ಕೆ ಬರುವಷ್ಟರಲ್ಲಿ ಆ ಕೈಯ ಭಾರವೆಲ್ಲ ನನ್ನ ಅಂಗೈ ಮೇಲೆ ಬಂತು. ಎಡಗೈ ಮುಗಿದದ್ದೇ ಬಲಗೈಯನ್ನು ಅವರೇ ಚಾಚಿದರು. ಮುಂದಿನ ಭಾನುವಾರ ಕತ್ತರಿಸಲು ಉಗುರೇ ಇರಲಿಲ್ಲ. ಆದರೂ ನೇಲ್ ಕಟ್ಟರ್ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು.